ನೆಲದೊಳಗಿನ ಅಡವಿ

ಧಾರವಾಡದ ಒಂದು ಕಾಲೇಜಿನಲ್ಲಿ ವಿದ್ಯಾರ್ಥಿಗಳು ಮತ್ತು ಊರಿನ ಹಿರಿಯರ ಎದುರು ಆಡಿದ ಮಾತುಗಳಿವು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಸಮಯ ಸಾಲದೆ ಬಿಟ್ಟಿದ್ದ ಒಂದೆರಡು ಸಂಗತಿಗಳನ್ನು ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮಾತು ಶುರುಮಾಡುವ ಮೊದಲು ಈ ಗಿಡವನ್ನು ಮುಂದಿನ ಸಾಲಿನವರ ಕೈಗೆ ಕೊಡುತ್ತೇನೆ. ಒಬ್ಬರಿಂದ ಒಬ್ಬರಿಗೆ ದಾಟಿಸುತ್ತ ಹಿಂದಿನ ಸಾಲಿನವರೆಗೆ ಮುಟ್ಟಿಸಿ. ಇನ್ನೂ ಮಣ್ಣು ಹಿಡಿದುಕೊಂಡಿದೆ, ಕೆಳಗೊಂದು ಹಾಳೆ ಇಟ್ಟುಕೊಳ್ಳಿ.

ಇದು ದಿಂಡಲ. ಕೊಡಲಿಯ ಕಾವಿಗೆ, ಬಂಡಿಯ ಅಚ್ಚಿಗೆ ನಮ್ಮ ಕಡೆಯ ಬಡಿಗೇರರು ಈ ಕಟ್ಟಿಗೆಯನ್ನು ಹುಡುಕಿಕೊಂಡು ಹೋಗುತ್ತಿದ್ದರು. ಕಪ್ಪತಗುಡ್ಡದ ಬುಡದ ಹಳ್ಳಿಯೊಂದರ ಗಾಯರಾಣದಲ್ಲಿ, ಅಂದರೆ ಊರ ದನ ಮೇಯುವ ಗೋಮಾಳದಲ್ಲಿ, ಜೆಸಿಬಿ ಅಗೆದು ಗುಡ್ಡೆ ಹಾಕಿದ್ದ ಮಣ್ಣಿನಿಂದ ಇದನ್ನು ಎತ್ತಿಕೊಂಡು ಬಂದೆ. ಮೇಲಿನ ಭಾಗ ನೋಡಿ: ಒಂದು ಗೇಣು ಎತ್ತರ, ಕಿರುಬೆರಳಿಗಿಂತ ತೆಳುವಾದ ಮೂರು ಚಿಗುರು, ಏಳೆಂಟು ಎಲೆ. ಯಾರೇ ನೋಡಿದರೂ ಹೋದ ಮಳೆಗಾಲದಲ್ಲಿ ಹುಟ್ಟಿದ ಸಸಿ ಎನ್ನುತ್ತಾರೆ. ಈಗ ಕೆಳಗೆ ನೋಡಿ. ಬೇರು ನನ್ನ ಮುಂಗೈಯಷ್ಟು ದಪ್ಪವಿದೆ. ಬೇರಿಗೂ ಕಾಂಡಕ್ಕೂ ಸೇರುವೆಯಾದ ಜಾಗ ಗಂಟುಗಂಟಾಗಿದೆ. ಅಲ್ಲಿ ಸುಟ್ಟ ಕಲೆಗಳು ಒಂದರ ಮೇಲೊಂದು ಕೂತಿವೆ. ಇದು ಸಸಿಯಲ್ಲ. ಈ ಸಭೆಯಲ್ಲಿ ಕುಳಿತಿರುವ ಹುಡುಗ ಹುಡುಗಿಯರ ಓರಗೆಯ ಮರವಾಗಿದ್ದರೂ ನನಗೆ ಆಶ್ಚರ್ಯವಿಲ್ಲ. ಬೇಸಿಗೆಗೆ ಸುಟ್ಟಿದೆ, ಉಳಿದದ್ದನ್ನು ಆಡು ಮೇಯ್ದಿದೆ, ಮುಂಗಾರು ಬಿದ್ದೊಡನೆ ಮತ್ತೆ ಚಿಗುರಿದೆ. ಮೇಲೇಳಲು ಆಗದ ಬೆಳವಣಿಗೆಯನ್ನೆಲ್ಲ ವರ್ಷ ವರ್ಷವೂ ನೆಲದೊಳಗೆ ಕೂಡಿಟ್ಟಿತ್ತು. ಯಂತ್ರದ ಹಲ್ಲಿಗೆ ಸಿಕ್ಕ ದಿನ ಆ ಗಂಟು ಮುಗಿಯಿತು.

ನಾನು ಇಂದು ಹೇಳಬೇಕೆಂದಿರುವುದು ಇದೊಂದನ್ನೇ. ಬಯಲುಸೀಮೆಯ ಅಡವಿಯ ಹೆಚ್ಚಿನ ಜೀವ ನೆಲದ ಕೆಳಗಿದೆ. ಮೇಲೆ ಕಡಿದದ್ದು ಚಿಗುರುತ್ತದೆ; ಬುಡಸಮೇತ ಕಿತ್ತದ್ದು ಚಿಗುರುವುದಿಲ್ಲ. ಮರ ಹೋಯಿತು ಎಂದು ಮರುಗುವಾಗ ಈ ಎರಡನ್ನೂ ನಾವು ಒಂದೇ ತಕ್ಕಡಿಯಲ್ಲಿ ಹಾಕುತ್ತೇವೆ. ಅದರಿಂದಾಗಿಯೇ ಅಡವಿ ಬೆಳೆಸಲು ಹೊರಟವರ ಕೈಯಲ್ಲೂ ಅಡವಿ ಸತ್ತಿದೆ.

ನಮ್ಮ ಭಾಗದಲ್ಲಿ ಅಡವಿ ಎಂದರೆ ಕಾಡೂ ಹೌದು, ಊರ ಹೊರಗಿನ ಹೊಲವೂ ಹೌದು. ಅವ್ವ ಅಡವಿಗೆ ಹೋಗಿದ್ದಾಳೆ ಎಂದರೆ ಕಳೆ ತೆಗೆಯಲು ಹೋಗಿದ್ದಾಳೆ ಎಂದರ್ಥ. ಸಂಜೆ ಅವಳು ಬರುವಾಗ ತಲೆಯ ಮೇಲೆ ಒಂದು ಹೊರೆ ಕಟ್ಟಿಗೆ, ಸೆರಗಿನಲ್ಲಿ ಕವಳಿ ಹಣ್ಣೋ ಕಾರೆ ಹಣ್ಣೋ ಇರುತ್ತಿತ್ತು. ಹೊಲ ಎಲ್ಲಿ ಮುಗಿಯಿತು, ಗುಡ್ಡ ಎಲ್ಲಿ ಶುರುವಾಯಿತು ಎಂದು ಅವಳನ್ನು ಕೇಳಿದ್ದರೆ ಬದುವಿನ ಬನ್ನಿ ಮರವನ್ನು ತೋರಿಸುತ್ತಿದ್ದಳೇನೋ. ಆ ಗೆರೆಯನ್ನು ಕಾಗದದ ಮೇಲೆ ಎಳೆದದ್ದು ಬ್ರಿಟಿಷರ ಕಾಲದ ಮೋಜಣಿ, 1865ರ ಮತ್ತು 1878ರ ಅರಣ್ಯ ಕಾಯ್ದೆಗಳು. ಬೆಲೆ ಬಾಳುವ ಮರವಿದ್ದ ಜಾಗ ಅರಣ್ಯವಾಯಿತು. ಕಂದಾಯ ಬರುವ ಜಾಗ ಹೊಲವಾಯಿತು. ಈ ಎರಡೂ ಅಲ್ಲದ್ದಕ್ಕೆ ಬೀಳು ಎಂದು ಹೆಸರು ಬಿತ್ತು. ಈ ಗಿಡ ಸಿಕ್ಕಿದ್ದು ಅಂತಹ ಬೀಳಿನಲ್ಲಿ.

ಅಳ್ನಾವರದಲ್ಲಿ ಬಸ್ ಹತ್ತಿ ಗದಗಿಗೆ ಹೊರಟರೆ ಕೆಲವೇ ತಾಸಿನಲ್ಲಿ ನಾಲ್ಕು ಬಗೆಯ ನೆಲ ಕಿಟಕಿಯಾಚೆ ದಾಟುತ್ತದೆ. ಮೊದಲು ಸಾಗವಾನಿ, ಮತ್ತಿ, ಬಿದಿರಿನ ಕಾಡು. ಕಲಘಟಗಿಯ ಬಣ್ಣದ ತೊಟ್ಟಿಲು ಹುಟ್ಟಿದ್ದು ಈ ಸಾಗವಾನಿಯ ಆಸರೆಯಲ್ಲಿ. ಧಾರವಾಡದ ಸುತ್ತ ಮಾವಿನ ತೋಪಿನ ಅರೆಮಲೆನಾಡು. ಹುಬ್ಬಳ್ಳಿ ದಾಟಿದರೆ ಕಣ್ಣು ಹಾಯುವಷ್ಟು ದೂರ ಎರೆ ಭೂಮಿ, ಬದುವಿನಲ್ಲಿ ಒಂದೊಂದು ಜಾಲಿ, ಬೇವು. ಗದಗಿನಾಚೆ ಎದ್ದು ನಿಂತ ಕಪ್ಪತಗುಡ್ಡ: ಹುಲ್ಲು, ಬಂದರಿಕೆ, ಮುತ್ತಲ, ದಿಂಡಲ. ಪಶ್ಚಿಮದ ಕಾಡು ಹೋದರೆ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಪೂರ್ವದ ಕುರುಚಲು ಹೋದರೆ ಯಾರಿಗೂ ತಿಳಿಯುವುದಿಲ್ಲ, ಏಕೆಂದರೆ ಅಲ್ಲಿ ಏನೂ ಇರಲಿಲ್ಲ ಎಂದೇ ಎಲ್ಲರೂ ನಂಬಿದ್ದಾರೆ.

ಪಶ್ಚಿಮದ ಕತೆಯನ್ನು ಬೇಗ ಮುಗಿಸುತ್ತೇನೆ. ಇಲ್ಲೇ ಹತ್ತಿರದಲ್ಲಿರುವ ಕರ್ನಾಟಕ ಕಾಲೇಜಿನ ಕಲ್ಲಿನ ಕಟ್ಟಡ ಮೊದಲು ಸದರ್ನ್ ಮರಾಠಾ ರೈಲ್ವೆಯ ಪ್ರಧಾನ ಕಚೇರಿಯಾಗಿತ್ತು. 1880ರ ದಶಕದಲ್ಲಿ ಈ ಸೀಮೆಗೆ ರೈಲು ಬಂದಾಗ ಹಳಿಗಳು ಮಲಗಿದ್ದು ಮರದ ದಿಮ್ಮಿಗಳ ಮೇಲೆ. ಒಂದು ದಿಮ್ಮಿಗೂ ಇನ್ನೊಂದಕ್ಕೂ ಒಂದು ಮೀಟರಿನಷ್ಟೂ ಅಂತರವಿಲ್ಲ. ಅಂದರೆ ಒಂದು ಕಿಲೋಮೀಟರ್ ಹಳಿಗೆ ಸಾವಿರಕ್ಕೂ ಹೆಚ್ಚು ದಿಮ್ಮಿ. ಅವು ಮಳೆಗೆ ಕೊಳೆಯುತ್ತವೆ, ಗೆದ್ದಲು ತಿನ್ನುತ್ತದೆ, ಹತ್ತು ಹದಿನೈದು ವರ್ಷಕ್ಕೆ ಬದಲಿಸಬೇಕು. ಅಳ್ನಾವರದಿಂದ ದಾಂಡೇಲಿಗೆ ಹಳಿ ಹಾಕಿದ್ದಂತೂ ಮರ ಸಾಗಿಸುವುದಕ್ಕೆ. ಆಮೇಲೆ ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಬಂತು, ಬಿದಿರು ಬಿಡಿಗಾಸಿನ ಬೆಲೆಗೆ ಹೋಯಿತು. ಬುಟ್ಟಿ ಹೆಣೆಯುವ ಮೇದಾರರ ಕೈ ಬರಿದಾಯಿತು. ಇವೆಲ್ಲ ದೊಡ್ಡ ನಷ್ಟಗಳೇ. ಆದರೂ ಆ ಕಾಡಿನ ಎಷ್ಟೋ ಭಾಗ ಮತ್ತೆ ಎದ್ದು ನಿಂತಿದೆ. ಸಾಗವಾನಿ, ಮತ್ತಿ, ದಿಂಡಲ ಮೂರೂ ಮೋಟಿನಿಂದ ಚಿಗುರುವ ಜಾತಿಗಳು. ಕೊಡಲಿ ಬುಡವನ್ನು ನೆಲದಲ್ಲೇ ಬಿಟ್ಟು ಹೋಗಿತ್ತು.

ಇದನ್ನು ಹೇಳುವಾಗ ಕೊಡಲಿಯ ಪರ ವಕಾಲತ್ತು ಮಾಡುತ್ತಿಲ್ಲ. ಬೆಂಕಿಯ ಪರವೂ ಇಲ್ಲ. ಶಿವರಾತ್ರಿ ಕಳೆದ ಮೇಲೆ ಕಪ್ಪತಗುಡ್ಡದ ಕಡೆ ಹೋದರೆ ರಾತ್ರಿ ಹೊತ್ತು ಒಮ್ಮೊಮ್ಮೆ ಬೆಂಕಿಯ ಸಾಲು ಕಾಣಿಸುತ್ತದೆ. ಹೊಸ ಹುಲ್ಲು ಬೇಗ ಬರಲೆಂದು ಹಚ್ಚಿದವರಿದ್ದಾರೆ, ಬೀಡಿ ಎಸೆದು ಹೋದವರಿದ್ದಾರೆ. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿ, ಆಮೆ, ಆಗಷ್ಟೇ ಬಿದ್ದ ಬೀಜ, ಎಲ್ಲವೂ ಹೋಗುತ್ತವೆ. ಮೇಲೆ ಹೊದಿಕೆಯಿಲ್ಲದ ಮಣ್ಣು ಮೊದಲ ಅಡ್ಡಮಳೆಗೇ ಕೊಚ್ಚಿ ಹಳ್ಳ ಸೇರುತ್ತದೆ. ಬೇರಿನಿಂದ ಚಿಗುರಲಾರದ ಜಾತಿಗಳು ಒಂದೊಂದಾಗಿ ಕಾಣೆಯಾಗುತ್ತವೆ. ಇಷ್ಟಾದರೂ ದಿಂಡಲದಂಥವು ಕಾದಿರುತ್ತವೆ. ಮೂರು ನಾಲ್ಕು ಬೇಸಿಗೆ ಬೆಂಕಿ ಬೀಳದೆ ಹೋದರೆ ಕೂಡಿಟ್ಟ ಬಲವನ್ನೆಲ್ಲ ಒಮ್ಮೆಗೇ ಖರ್ಚುಮಾಡಿ ಹುಲ್ಲಿನ ಜ್ವಾಲೆಗೆ ಸಿಗದ ಎತ್ತರಕ್ಕೆ ಏರಿಬಿಡುತ್ತವೆ. ಆಮೇಲೆ ಬೆಂಕಿ ಬಿದ್ದರೂ ತುದಿಗೆ ಸೋಕುವುದಿಲ್ಲ. ಬೋಳು ಗುಡ್ಡ ಎಂದು ಬಿಟ್ಟ ಜಾಗ ಕೆಲವೇ ವರ್ಷಗಳಲ್ಲಿ ಹಸಿರಾದದ್ದನ್ನು ನಿಮ್ಮಲ್ಲಿ ಹಲವರು ಕಂಡಿರಬಹುದು. ಅಲ್ಲಿ ಯಾರೂ ಏನೂ ನೆಟ್ಟಿರುವುದಿಲ್ಲ.

ಈಗ ಬೀಳು ಎಂಬ ಹೆಸರಿನಿಂದ ಏನಾಯಿತು ನೋಡೋಣ. ಗದಗ, ಹಾವೇರಿ ಪ್ರತ್ಯೇಕ ಜಿಲ್ಲೆಗಳಾದದ್ದು 1997ರಲ್ಲಿ. ಅದಕ್ಕೂ ಮೊದಲು, ಎಲ್ಲವೂ ಧಾರವಾಡ ಜಿಲ್ಲೆಯೇ ಆಗಿದ್ದಾಗ, ಸರ್ಕಾರವೂ ಹರಿಹರದ ಪಕ್ಕ ಕುಮಾರಪಟ್ಟಣದಲ್ಲಿರುವ ಕಾರ್ಖಾನೆಯೊಂದೂ ಸೇರಿ 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಕಟ್ಟಿದವು. ಕಾರ್ಖಾನೆಗೆ ರೇಯಾನ್ ನೂಲಿನ ತಿರುಳು ಬೇಕು, ತಿರುಳಿಗೆ ನೀಲಗಿರಿ ಬೇಕು, ನೀಲಗಿರಿಗೆ ನೆಲ ಬೇಕು. ಸುಮಾರು 30,000 ಹೆಕ್ಟೇರ್ ನೆಲ ಗೊತ್ತಾಯಿತು. ಯಾವ ನೆಲ? ಸಿ ಮತ್ತು ಡಿ ದರ್ಜೆಯದು. ಅಂದರೆ ಊರಿನ ದನ ಮೇಯುವ, ಬಡವರು ಕಟ್ಟಿಗೆ ಆಯುವ, ಗುಡಿಸಲಿಗೆ ಹುಲ್ಲು ಕೊಯ್ಯುವ ನೆಲ. ಅದಕ್ಕೆ ಕೊಟ್ಟ ದರ್ಜೆಯನ್ನು ಗಮನಿಸಿ. ಪರೀಕ್ಷೆಯಲ್ಲಿ ಹಿಂದುಳಿದ ಮಗುವಿಗೆ ಕೊಟ್ಟಂತೆ ನೆಲಕ್ಕೆ ಅಂಕ ಕೊಟ್ಟಿದ್ದರು.

ನೀಲಗಿರಿ ತೋಪು ಹಾಕುವುದೆಂದರೆ ಮೊದಲು ನೆಲ ಬೋಳಿಸಬೇಕು, ಸಾಲು ಹಿಡಿದು ಗುಣಿ ತೋಡಬೇಕು. ಅಲ್ಲಿದ್ದ ಕಾರೆ, ಕವಳಿ, ತುಗ್ಗಲಿ, ದಿಂಡಲದ ಗಂಟುಬೇರುಗಳು ಆಗಲೇ ಮೇಲೆ ಬರುತ್ತವೆ, ಬಿಸಿಲಿಗೆ ಒಣಗುತ್ತವೆ. ನೀಲಗಿರಿಯ ಸೊಪ್ಪನ್ನು ದನ ಮುಟ್ಟುವುದಿಲ್ಲ. ಅದರ ನೆರಳಿನಲ್ಲಿ ಹುಲ್ಲು ಸರಿಯಾಗಿ ಏಳುವುದಿಲ್ಲ.

ಇದರ ವಿರುದ್ಧ ಧಾರವಾಡದ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ, ಶಿವರಾಮ ಕಾರಂತರನ್ನೂ ಜೊತೆಗೂಡಿಸಿಕೊಂಡು ಸುಪ್ರೀಂ ಕೋರ್ಟಿಗೆ ಹೋಯಿತು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಸತ್ಯಾಗ್ರಹ ನಡೆಯಿತು. ಅದರ ಹೆಸರೇ ‘ಕಿತ್ತಿಕೊ ಹಚ್ಚಿಕೊ’. ನೀಲಗಿರಿ ಸಸಿಗಳನ್ನು ಕಿತ್ತು, ಆ ಜಾಗದಲ್ಲಿ ಊರಿಗೆ ಉಪಯೋಗಕ್ಕೆ ಬರುವ ಸಸಿಗಳನ್ನು ಹಚ್ಚಿದರು. ನಮ್ಮ ಕಡೆ ಗಿಡ ನೆಡುವುದಕ್ಕೆ ಹಚ್ಚುವುದು ಎನ್ನುತ್ತೇವೆ, ದೀಪಕ್ಕೂ ಅದೇ ಮಾತು. ಆ ಹೆಸರನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ನೀಲಗಿರಿಯೂ ಕಡಿದರೆ ಚಿಗುರುವ ಮರ. ಹಾಗಾಗಿ ಕುಸನೂರಿನ ಜನ ಕಡಿಯಲಿಲ್ಲ, ಕಿತ್ತರು. ಒಂದು ಮರದ ಬಾಳು ಎಲ್ಲಿದೆ ಎಂದು ಅವರಿಗೆ ತಿಳಿದಿತ್ತು. ಕೊನೆಗೆ 1991ರಲ್ಲಿ ಆ ಕಂಪನಿ ಮುಚ್ಚಿತು. ಹೊಸದಾಗಿ ನೀಲಗಿರಿ ಬೆಳೆಸುವುದನ್ನು ರಾಜ್ಯ ಸರ್ಕಾರ ನಿಷೇಧಿಸಿದ್ದು 2017ರಲ್ಲಿ. ಅಷ್ಟರಲ್ಲಿ ನೀಲಗಿರಿ ಹೋಗದ ಮೂಲೆ ಉಳಿದಿರಲಿಲ್ಲ.

ಇದಕ್ಕಿಂತ ಮನಸ್ಸಿಗೆ ನಾಟುವ ಸಂಗತಿ ರಾಣೆಬೆನ್ನೂರಿನದು. ಅಲ್ಲಿಯ ಕೃಷ್ಣಮೃಗ ಅಭಯಾರಣ್ಯ 119 ಚದರ ಕಿಲೋಮೀಟರ್, ಘೋಷಣೆಯಾದದ್ದು 1974ರಲ್ಲಿ. ಬಯಲು ಹುಲ್ಲುಗಾವಲು, ಮುಳ್ಳುಕಂಟಿಯ ನೆಲ ಅದು. ಅದಕ್ಕೂ ಮೊದಲಿನಿಂದಲೇ ಅಲ್ಲಿ ನೀಲಗಿರಿ ನೆಡುತ್ತ ಬಂದಿದ್ದರು. ನೆಟ್ಟವರಿಗೆ ಕೆಟ್ಟ ಉದ್ದೇಶವಿತ್ತು ಎಂದು ನಾನು ಹೇಳುವುದಿಲ್ಲ. ಬೋಳಾಗಿ ಕಂಡ ನೆಲವನ್ನು ಹಸಿರು ಮಾಡಬೇಕೆಂದುಕೊಂಡಿದ್ದರು. ಕೃಷ್ಣಮೃಗ ಹೇಗೋ ಹೊಂದಿಕೊಂಡು ಉಳಿಯಿತು. ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಉಳಿಯಲಿಲ್ಲ. ಹುಲ್ಲಿನಲ್ಲಿ ನಡೆಯುವ, ನೆಲದ ಮೇಲೆ ಒಂದೇ ಮೊಟ್ಟೆ ಇಡುವ, ದೂರದಿಂದ ಬರುವ ಅಪಾಯವನ್ನು ಕಾಣಲು ಬಯಲೇ ಬೇಕಾದ ಆ ದೊಡ್ಡ ಹಕ್ಕಿಗೆ ಮರದ ಸಾಲುಗಳು ಗೋಡೆಯಾದವು. ಮರ ನೆಟ್ಟು ಅಡವಿಯನ್ನು ಕಳೆದುಕೊಳ್ಳಬಹುದು ಎನ್ನುವುದಕ್ಕೆ ನಮಗೆ ಹೊರಗಿನ ಉದಾಹರಣೆ ಬೇಕಾಗಿಲ್ಲ.

ಲೆಕ್ಕದ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ದೇಶದ ಅರಣ್ಯ ಸಮೀಕ್ಷಾ ವರದಿಯಲ್ಲಿ ‘ಅರಣ್ಯ ಹೊದಿಕೆ’ ಎಂದರೆ ಒಂದು ಹೆಕ್ಟೇರಿಗಿಂತ ದೊಡ್ಡದಾದ, ಶೇ 10ಕ್ಕೆ ಕಡಿಮೆಯಿಲ್ಲದಷ್ಟು ಮರದ ನೆರಳಿರುವ ಯಾವುದೇ ನೆಲ. ಅದು ಯಾರದು, ಮರ ಯಾವುದು ಎಂದು ಕೇಳುವುದಿಲ್ಲ. ಧಾರವಾಡದ ಮಾವಿನ ತೋಟ ಆ ಲೆಕ್ಕದೊಳಗೆ ಬರುತ್ತದೆ, ನೀಲಗಿರಿ ತೋಪೂ ಬರುತ್ತದೆ. ಶೇ 10ಕ್ಕಿಂತ ಕಡಿಮೆ ನೆರಳಿರುವ ಕುರುಚಲು ಆ ಲೆಕ್ಕದ ಹೊರಗೆ. ನಿಮ್ಮ ಕೈಯಲ್ಲಿ ದಾಟುತ್ತಿರುವ ಗಿಡದ ನೆರಳು ಒಂದು ಹಾಳೆಯಷ್ಟೂ ಇಲ್ಲ. ಅಂತಹ ಗಿಡಗಳು ತುಂಬಿದ ಗಾಯರಾಣವನ್ನು ಪೂರ್ತಿ ಅಗೆದು ಹಾಕಿದರೂ ವರದಿಯಲ್ಲಿ ಒಂದು ಗುಂಟೆ ಅರಣ್ಯವೂ ಕಡಿಮೆಯಾಗುವುದಿಲ್ಲ. ಅದೇ ಜಾಗದಲ್ಲಿ ಬೇಗ ಬೆಳೆಯುವ ಒಂದು ಜಾತಿಯ ಸಸಿ ನೆಟ್ಟರೆ ಐದಾರು ವರ್ಷಕ್ಕೆ ಅರಣ್ಯ ಹೆಚ್ಚಾಗಿದೆ ಎಂದು ಬರುತ್ತದೆ. ಇದು ನನ್ನನ್ನು ಬಹಳ ನೋಯಿಸುವ ವಿಷಯ.

ಕಪ್ಪತಗುಡ್ಡ ಉಳಿದದ್ದು ಇಂತಹ ಲೆಕ್ಕದಿಂದಲ್ಲ, ಜನರಿಂದ. ಗದಗಿನ ಬಿಂಕದಕಟ್ಟಿಯಿಂದ ತುಂಗಭದ್ರೆಯ ದಡದ ಸಿಂಗಟಾಲೂರಿನವರೆಗೆ ಹಬ್ಬಿದ ಗುಡ್ಡಸಾಲು ಅದು. ಔಷಧಿ ಸಸ್ಯಗಳಿಗೆ ಹೆಸರಾದ ಜಾಗ. ತೋಳ, ಕತ್ತೆಕಿರುಬ, ಕೊಂಡಕುರಿ ಇರುವ ಜಾಗ. ಅದೇ ಗುಡ್ಡದ ಹೊಟ್ಟೆಯಲ್ಲಿ ಚಿನ್ನವಿದೆ, ಕಬ್ಬಿಣದ ಅದಿರಿದೆ. 2015ರ ಡಿಸೆಂಬರ್‌ನಲ್ಲಿ ಅದನ್ನು ಸಂರಕ್ಷಣಾ ಮೀಸಲು ಎಂದು ಸರ್ಕಾರ ಘೋಷಿಸಿತು. ಒಂದು ವರ್ಷ ತುಂಬುವ ಮೊದಲೇ ಹಿಂದಕ್ಕೆ ಪಡೆಯಿತು. 2017ರ ಫೆಬ್ರುವರಿಯಲ್ಲಿ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಗದಗಿನಲ್ಲಿ ಧರಣಿ ನಡೆಯಿತು. ಏಪ್ರಿಲ್‌ನಲ್ಲಿ ಘೋಷಣೆ ಮರಳಿ ಬಂತು. 2019ರಲ್ಲಿ 244 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿಧಾಮವಾಯಿತು. ಅದನ್ನು ನೋಡಲು ಸ್ವಾಮೀಜಿ ಇರಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು.

ಗಣಿ ಬೇಡ ಎಂದು ಅಷ್ಟು ಜನ ಕುಳಿತದ್ದು ಏಕೆ? ಕುರಿ ಮೇಯಿಸಿದರೂ ಗುಡ್ಡ ಇರುತ್ತದೆ. ಬೆಂಕಿ ಬಿದ್ದರೂ ಇರುತ್ತದೆ. ಗಣಿ ಬಂದರೆ ಗುಡ್ಡವೇ ಲಾರಿ ಹತ್ತಿ ಹೋಗುತ್ತದೆ. ಬೇರು ಹಿಡಿಯುವ ಮಣ್ಣು, ಮಣ್ಣು ಕೂತಿದ್ದ ಕಲ್ಲು, ಕಲ್ಲಿನ ಸಂದಿಯಲ್ಲಿ ಇಳಿದು ಕೆಳಗಿನ ಬಾವಿಗೆ ಬರುತ್ತಿದ್ದ ನೀರು, ಯಾವುದೂ ಉಳಿಯುವುದಿಲ್ಲ. ಗುಡ್ಡದ ನೆತ್ತಿಯ ಗಾಳಿಯಂತ್ರಗಳ ಬಗ್ಗೆಯೂ ಇದೇ ದೃಷ್ಟಿಯಿಂದ ಹೇಳಬೇಕು. ಗಾಳಿಯ ವಿದ್ಯುತ್ ನಮಗೆ ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಉದ್ದನೆಯ ರೆಕ್ಕೆಯನ್ನು ಹೊತ್ತ ಲಾರಿ ಗುಡ್ಡ ಹತ್ತಬೇಕಾದರೆ ಅಗಲವಾದ, ನುಣುಪಾದ ರಸ್ತೆ ಬೇಕು. ಆ ರಸ್ತೆ ಇಳಿಜಾರನ್ನು ಸೀಳಿಕೊಂಡೇ ಹೋಗಬೇಕು. ಯಂತ್ರದ ಕಂಬಕ್ಕೆ ಹಿಡಿದ ಜಾಗ ಚಿಕ್ಕದು. ರಸ್ತೆಗೆ ಹೋದ ಗುಡ್ಡದ ಲೆಕ್ಕವನ್ನೂ ಕೇಳಬೇಕು.

ಪಶ್ಚಿಮಕ್ಕೆ ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗದ ಚರ್ಚೆ ನನ್ನ ಯೌವನದಿಂದ ನಡೆದಿದೆ. ಸುಮಾರು 164 ಕಿಲೋಮೀಟರ್ ಮಾರ್ಗಕ್ಕೆ ಹತ್ತಿರ ಹತ್ತಿರ 600 ಹೆಕ್ಟೇರ್ ಅರಣ್ಯ ಬೇಕೆಂದು 2020ರ ಪ್ರಸ್ತಾವದಲ್ಲಿತ್ತು. ಅದರ ಬಗ್ಗೆ ಒಂದೇ ಮಾತು ಹೇಳಿ ಮುಂದೆ ಹೋಗುತ್ತೇನೆ: ಎಷ್ಟು ಮರ ಹೋಗುತ್ತವೆ ಎಂದಷ್ಟೇ ಕೇಳುತ್ತಿದ್ದೇವೆ. ಘಟ್ಟದ ಎಷ್ಟು ನೆಲವನ್ನು ಎಷ್ಟು ಆಳ ಕೊರೆಯುತ್ತಾರೆ ಎಂದು ಕೇಳುವವರು ಕಡಿಮೆ.

ಇನ್ನು ನಾವು ಕುಳಿತಿರುವ ಈ ಊರಿಗೆ ಬರುತ್ತೇನೆ. ಹುಬ್ಬಳ್ಳಿ–ಧಾರವಾಡದ ನಡುವಿನ ಹಳೆಯ ಪೂನಾ–ಬೆಂಗಳೂರು ರಸ್ತೆ ಅಗಲವಾಗಿ, ಅದರ ಮಧ್ಯೆ ತ್ವರಿತ ಬಸ್ಸಿನ ಮಾರ್ಗ ಬಂದು ಕೆಲವು ವರ್ಷಗಳಾದವು. ಅದರ ಬದಿಯ ಮರಗಳ ನೆರಳಲ್ಲಿ ಬಸ್ಸಿಗೆ ಕಾದವರು ನಿಮ್ಮಲ್ಲಿದ್ದೀರಿ. ಅವುಗಳನ್ನು ಕಡಿದಾಗ ಎಲ್ಲರ ಕಣ್ಣಿಗೂ ಬಿತ್ತು, ಬೇಸರವಾಯಿತು, ಪತ್ರಿಕೆಗೆ ಪತ್ರ ಬರೆದೆವು. ಕಣ್ಣಿಗೆ ಬೀಳದ ಇನ್ನೊಂದು ನಷ್ಟ ವರ್ಷವೂ ನಡೆಯುತ್ತಿದೆ. ಮೇ ತಿಂಗಳ ಅಡ್ಡಮಳೆಗೆ ಧಾರವಾಡದಲ್ಲಿ ಮರ ಉರುಳುತ್ತವೆ. ಗಾಳಿಯ ರಭಸಕ್ಕೆ ಮರ ಧರೆಗೆ ಎಂದು ಸುದ್ದಿ ಬರುತ್ತದೆ. ಹೋದ ವರ್ಷ ನನ್ನ ಮನೆಯ ಹತ್ತಿರ ಬಿದ್ದ ಹಳೆಯ ಗುಲ್‌ಮೊಹರ್ ಮರದ ಬುಡದ ಪಕ್ಕ ಕುಳಿತು ನೋಡಿದೆ. ಮನೆಗಳ ಕಡೆಯ ಬೇರುಗಳು ಎಳೆದು ಹರಿದಿದ್ದವು, ತುದಿ ನಾರುನಾರಾಗಿತ್ತು. ರಸ್ತೆಯ ಕಡೆಯ ಬೇರುಗಳ ತುದಿ ಸಪಾಟಾಗಿತ್ತು, ಗರಗಸದಲ್ಲಿ ಕೊಯ್ದ ಹಾಗೆ. ಕೊಯ್ದ ಮುಖ ಕಪ್ಪಗಾಗಿ ಶಿಲೀಂಧ್ರ ಹಿಡಿದಿತ್ತು. ಗಟಾರಕ್ಕೋ ಕೇಬಲಿಗೋ ಹಿಂದೆಂದೋ ತೋಡಿದ ಕಾಲುವೆ ಅದರ ಅರ್ಧ ಆಧಾರವನ್ನು ಕತ್ತರಿಸಿ ಹೋಗಿತ್ತು. ಉಳಿದ ಅರ್ಧದ ಮೇಲೆ ಆ ಮರ ಅಷ್ಟು ವರ್ಷ ನಿಂತಿತ್ತು, ಹೂವನ್ನೂ ಬಿಟ್ಟಿತ್ತು. ಗಾಳಿ ಬಂದದ್ದು ಕೊನೆಯ ದಿನ ಮಾತ್ರ.

ನಮ್ಮಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಐವತ್ತಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ಸಾರ್ವಜನಿಕರ ತಕರಾರು ಕೇಳಬೇಕು ಎನ್ನುವುದು ಅನೇಕರಿಗೆ ಗೊತ್ತಿದೆ. ಗೊತ್ತಿಲ್ಲದ್ದು ಇನ್ನೊಂದಿದೆ: ಆ ಕಾಯ್ದೆಯಲ್ಲಿ ಮರ ಕಡಿಯುವುದು ಎಂಬುದರ ಅರ್ಥ ಬಹಳ ಅಗಲವಾಗಿದೆ. ಬುಡ ಕತ್ತರಿಸುವುದರ ಜೊತೆಗೆ ಸುಡುವುದು, ತೊಗಟೆ ಸುಲಿಯುವುದು, ಬೇರೆ ಯಾವುದೇ ರೀತಿಯಲ್ಲಿ ಹಾನಿ ಮಾಡುವುದೂ ಅದರಲ್ಲಿ ಸೇರಿದೆ. ಬೇರು ಕತ್ತರಿಸುವುದು ಹಾನಿಯಲ್ಲದೆ ಮತ್ತೇನು? ನಿಮ್ಮ ಓಣಿಯಲ್ಲಿ ಕಾಲುವೆ ತೋಡುವ ಯಂತ್ರ ಬಂದ ದಿನ, ಮರದ ಬುಡದಿಂದ ನಾಲ್ಕು ಹೆಜ್ಜೆ ದೂರ ಸರಿಸಿ ಎಂದು ಕೇಳಲು ನಿಮಗೆ ಈ ಮಾತು ಸಾಕು.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಒಬ್ಬ ವಿದ್ಯಾರ್ಥಿನಿ ಎದ್ದು, ಹಾಗಾದರೆ ಪರಿಸರ ದಿನಕ್ಕೆ ನಾವು ಗಿಡ ಹಚ್ಚಬಾರದೇ ಸರ್ ಎಂದು ಕೇಳಿದಳು. ಖಂಡಿತ ಹಚ್ಚಮ್ಮ ಎಂದೆ. ಊರೊಳಗೆ ಹಚ್ಚಿ, ರಸ್ತೆಯ ಬದಿಗೆ, ಶಾಲೆಯ ಅಂಗಳಕ್ಕೆ, ಹೊಲದ ಬದುವಿಗೆ. ದಸರೆಗೆ ಬನ್ನಿ ಮುಡಿಯಲು ಊರ ಹೊಲಗಳಲ್ಲಿ ಬನ್ನಿ ಮರವೇ ಸಿಗದ ದಿನ ಬರುತ್ತಿದೆ. ಟ್ರ್ಯಾಕ್ಟರ್ ತಿರುಗಲು ಅಡ್ಡಿ ಎಂದು ಬದುವಿನದನ್ನೆಲ್ಲ ತೆಗೆದಿದ್ದೇವೆ. ಬನ್ನಿ ಹಚ್ಚಿ. ಗಾಯರಾಣಕ್ಕೆ, ಗುಡ್ಡಕ್ಕೆ ಗುದ್ದಲಿ ಒಯ್ಯುವ ಮೊದಲು ಮಾತ್ರ ಅಲ್ಲಿ ಆಗಲೇ ಯಾರಿದ್ದಾರೆ ಎಂದು ನೋಡಿ. ಅಲ್ಲಿ ಬೇಕಾಗಿರುವುದು ಬಹಳ ಸಲ ಸಸಿಯಲ್ಲ. ಮೂರು ಬೇಸಿಗೆಯ ಬೆಂಕಿ ಕಾವಲು, ಮೇಯಿಸುವವರೊಡನೆ ಕುಳಿತು ಮಾಡಿಕೊಂಡ ಒಪ್ಪಂದ, ಈ ಬದಿ ಈ ವರ್ಷ ಬಿಡೋಣ, ಆ ಬದಿ ಮುಂದಿನ ವರ್ಷ ಎಂದು.

ಹಿಂದಿನ ಸಾಲಿನಲ್ಲಿ ಟವೆಲ್ ಹೆಗಲ ಮೇಲೆ ಹಾಕಿಕೊಂಡು ಕುಳಿತಿದ್ದ ಹಿರಿಯರೊಬ್ಬರ ಕೈಯಲ್ಲಿ ಆಗ ದಿಂಡಲದ ಬೇರು ಇತ್ತು. ಅವರು ಅದನ್ನು ಮೂಸಿ ನೋಡಿ, ಉಗುರಿನಿಂದ ತೊಗಟೆ ಕೆರೆದು ನೋಡಿ, ಒಳಗೆ ಇನ್ನೂ ಹಸಿ ಇದೆ ಎಂದರು. ಆಮೇಲೆ ಕೇಳಿದರು: ನಮ್ಮೂರ ಗಾಯರಾಣದಲ್ಲಿ ಈ ಮಳೆಗಾಲ ಗಿಡ ನೆಡಲು ಯಂತ್ರ ತಂದು ಗುಣಿ ತೋಡಿಸುತ್ತಾರಂತೆ. ಇಂಥವು ಅಲ್ಲಿ ಬೇಕಾದಷ್ಟಿವೆ. ಯಾರಿಗೆ ಹೇಳಬೇಕು?

ಗ್ರಾಮಸಭೆಯಲ್ಲಿ ಹೇಳಿ ಎಂದೆ. ಪ್ರತಿ ಪಂಚಾಯಿತಿಯಲ್ಲೂ ಕಾನೂನಿನ ಪ್ರಕಾರ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು; ಊರ ಗಿಡಮರಗಳ ದಾಖಲೆ ಬರೆಯುವುದು ಅದರ ಕೆಲಸ, ಅದನ್ನು ಕರೆಯಿಸಿ. ಅಷ್ಟರಿಂದ ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ. ಬಾಯಿಮಾತಿಗೆ ಯಾರು ನಂಬುತ್ತಾರೆ, ಅವರ ಕಣ್ಣಿಗೆ ಅದು ಬರೀ ಕಂಟಿ ಎಂದರು. ಅವರ ಮಾತು ಸರಿ. ಎರಡು ಅಡ್ಡಮಳೆ ಆಗಿವೆ, ಚಿಗುರು ಈಗ ಚೆನ್ನಾಗಿ ಕಾಣಿಸುತ್ತದೆ. ಬರುವ ಅಮಾವಾಸ್ಯೆಗೆ ಯಾರೂ ಎತ್ತು ಹೂಡುವುದಿಲ್ಲ, ಊರವರೂ ಬಿಡುವಾಗಿರುತ್ತಾರೆ. ಅಂದು ಬೆಳಿಗ್ಗೆ ನಾವು ಹತ್ತು ಹನ್ನೆರಡು ಜನ, ಪ್ರಶ್ನೆ ಕೇಳಿದ ಆ ಹುಡುಗಿಯೂ ಸೇರಿ, ಅವರ ಗಾಯರಾಣಕ್ಕೆ ಹೋಗುತ್ತಿದ್ದೇವೆ. ಗಂಟುಬೇರಿರುವ ಒಂದೊಂದು ಗಿಡದ ಸುತ್ತಲೂ ಸುಣ್ಣದ ಗೆರೆ ಎಳೆದು, ಎಣಿಸಿ, ಆ ಪಟ್ಟಿಯನ್ನು ಗ್ರಾಮಸಭೆಯ ಮುಂದಿಡುವುದು ಎಂದು ನಿಶ್ಚಯವಾಗಿದೆ. ಬರುವವರು ನೀರು, ರೊಟ್ಟಿ ಕಟ್ಟಿಕೊಂಡು ಬನ್ನಿ. ಸುಣ್ಣ ನಾನು ತರುತ್ತೇನೆ.